ರೀಫ್ ಟ್ಯಾಂಕಿಗೆ ಯಾವ ಕಾರ್ಬನ್, ಎಷ್ಟು, ಹೇಗೆ?

ಮುಂದೆ ನಿಂತು ನೋಡಿದರೆ ಎಲ್ಲರ ರೀಫ್ ಟ್ಯಾಂಕಿನ, ಅಂದರೆ ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂನ, ನೀರೂ ತಿಳಿಯಾಗಿಯೇ ಕಾಣುತ್ತದೆ. ಒಮ್ಮೆ ಪಕ್ಕದ ಗಾಜಿನಿಂದ ಉದ್ದಕ್ಕೆ ನೋಡಿ. ಆ ತುದಿಯಲ್ಲಿ ಯಾರಾದರೂ ಬಿಳಿ ಪ್ಲಾಸ್ಟಿಕ್ ತುಂಡು ಹಿಡಿದಿರಲಿ. ಅದು ಬೆಳ್ಳಗೆ ಕಾಣದೆ ಮಾಸಲು ಹಳದಿಯಾಗಿ ಕಂಡರೆ ನೀರಿಗೆ ಬಣ್ಣ ಬಂದಿದೆ ಎಂದೇ ಲೆಕ್ಕ. ಪಾಚಿ, ಮೀನು ತಿನ್ನದೆ ಬಿಟ್ಟ ಆಹಾರ, ಹವಳದ ಲೋಳೆ ಎಲ್ಲ ಕೊಳೆತು ಕರಗಿದ ಮೇಲೆ ಉಳಿಯುವ ಬಣ್ಣ ಅದು.

ಬರೀ ನೋಟದ ವಿಷಯವಾಗಿದ್ದರೆ ಬಿಟ್ಟುಬಿಡಬಹುದಿತ್ತು. ಆದರೆ ಹಳದಿ ನೀರು ನೀಲಿ ಬೆಳಕನ್ನೇ ಜಾಸ್ತಿ ನುಂಗುತ್ತದೆ. ಹವಳದ ಮೈಯೊಳಗಿನ ಪಾಚಿಗೆ ಮುಖ್ಯವಾಗಿ ಬೇಕಾದದ್ದೂ ಅದೇ ನೀಲಿ. ದುಬಾರಿ ಎಲ್‌ಇಡಿ ಹಾಕಿಸಿಯೂ ಅದರ ಒಂದು ಪಾಲು ದಾರಿಯಲ್ಲೇ ಕಳೆದುಹೋಗುತ್ತದೆ. ಇದಕ್ಕೆ ಸುಲಭದ ಮದ್ದು ಆ್ಯಕ್ಟಿವೇಟೆಡ್ ಕಾರ್ಬನ್. ಅಂಗಡಿಗೆ ಹೋದರೆ ಚಿಪ್ಪಿನದು, ಕಲ್ಲಿದ್ದಲಿನದು, ಪೆಲೆಟ್, ಜೊತೆಗೆ ಪ್ಯೂರಿಜೆನ್, ಓಝೋನ್ ಎಂದು ಹತ್ತು ದಾರಿ ತೋರಿಸುತ್ತಾರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬ್ರ್ಯಾಂಡ್ ಬಗ್ಗೆ ತಲೆ ಕೆಡಿಸಿಕೊಳ್ಳುವುದಕ್ಕಿಂತ, ಪುಡಿಯಾಗದ ಗಟ್ಟಿ ಕಾರ್ಬನ್ ಸ್ವಲ್ಪವೇ ತಗೊಂಡು, ಚೆನ್ನಾಗಿ ತೊಳೆದು, ಬೇಗ ಬೇಗ ಬದಲಿಸುವುದು ಮೇಲು. ಉಳಿದದ್ದೆಲ್ಲ ನಿಮ್ಮ ಟ್ಯಾಂಕಿನಲ್ಲಿ ಯಾರು ಯಾರಿದ್ದಾರೆ ಎನ್ನುವುದರ ಮೇಲೆ ನಿಂತಿದೆ.

ಏನು ತೆಗೆಯುತ್ತದೆ, ಏನು ತೆಗೆಯುವುದಿಲ್ಲ

ಇದ್ದಿಲನ್ನು ಹಬೆಯಲ್ಲೋ ರಾಸಾಯನಿಕದಲ್ಲೋ ಹೆಚ್ಚು ಬಿಸಿಯಲ್ಲಿ ಹದ ಮಾಡಿದಾಗ ಅದರೊಳಗೆ ಲೆಕ್ಕವಿಲ್ಲದಷ್ಟು ಸಣ್ಣ ರಂಧ್ರಗಳು ತೆರೆದುಕೊಳ್ಳುತ್ತವೆ. ಒಳ್ಳೆಯ ಕಾರ್ಬನ್ ಒಂದು ಗ್ರಾಂ ಇದ್ದರೆ ಅದರ ಒಳಮೈ ಸುಮಾರು 1000 ಚದರ ಮೀಟರ್. ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆ. ನೀರಿನಲ್ಲಿ ಕರಗಿದ ಸಾವಯವ ಕಶ್ಮಲ ಈ ರಂಧ್ರಗಳ ಗೋಡೆಗೆ ಅಂಟಿಕೊಳ್ಳುತ್ತದೆ. ಹಳದಿ ಬಣ್ಣ, ವಾಸನೆ, ಔಷಧಿಯ ಉಳಿಕೆ, ಹವಳಗಳು ಒಂದರ ಮೇಲೊಂದು ಬಿಡುವ ವಿಷ, ಇವೆಲ್ಲ ಅದರ ಪಾಲಿಗೆ ಬರುತ್ತವೆ.

ಅಮೋನಿಯಾ, ನೈಟ್ರೇಟ್, ಫಾಸ್ಫೇಟ್ ಮಾತ್ರ ಕಾರ್ಬನ್ನಿಗೆ ಸಿಗುವುದಿಲ್ಲ. ಕ್ಯಾಲ್ಸಿಯಂ, ಆಲ್ಕಲಿನಿಟಿಯನ್ನೂ ಅದು ಮುಟ್ಟುವುದಿಲ್ಲ. ನೈಟ್ರೇಟ್ ಏರಿದೆ ಎಂದು ಕಾರ್ಬನ್ ಸುರಿಯುವವರು ಇದ್ದಾರೆ. ಸುಮ್ನೆ ದುಡ್ಡು ದಂಡ. ಅಯೋಡಿನ್ ಮತ್ತು ಸಾವಯವ ಪದಾರ್ಥಕ್ಕೆ ಅಂಟಿಕೊಂಡ ಕೆಲವು ಲೋಹಗಳು ಸ್ವಲ್ಪ ಮಟ್ಟಿಗೆ ಹೋಗುತ್ತವೆ, ನಿಜ. ಆದರೆ ತಪ್ಪದೆ ನೀರು ಬದಲಿಸುವವರಿಗೆ ಅದು ಚಿಂತೆಯ ವಿಷಯವೇ ಅಲ್ಲ.

"ದೊಡ್ಡ ಸ್ಕಿಮ್ಮರ್ ಇದೆಯಲ್ಲ, ಕಾರ್ಬನ್ ಯಾಕೆ?" ಎಂದು ಕೇಳುತ್ತಾರೆ. ಸ್ಕಿಮ್ಮರ್ ಎಂದರೆ ಗಾಳಿಗುಳ್ಳೆ ಎಬ್ಬಿಸಿ ನೊರೆಯ ಜೊತೆ ಕಶ್ಮಲ ತೆಗೆಯುವ ಸಾಧನ. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ಯೂನಿವರ್ಸಿಟಿಯ ರಸಾಯನಶಾಸ್ತ್ರಜ್ಞ ಕೆನ್ ಫೆಲ್ಡ್‌ಮನ್ ಅವರ ತಂಡ 2009ರ ಹೊತ್ತಿಗೆ ಸ್ಕಿಮ್ಮರ್‌ಗಳನ್ನು ಪರೀಕ್ಷೆಗೆ ಒಡ್ಡಿತ್ತು. ನೀರಿನ ಒಟ್ಟು ಸಾವಯವ ಇಂಗಾಲದಲ್ಲಿ ಅವು ತೆಗೆದದ್ದು ಹೆಚ್ಚೂಕಡಿಮೆ ಶೇಕಡ 20ರಿಂದ 30 ಮಾತ್ರ. ಗಾಳಿಗುಳ್ಳೆಗೆ ಅಂಟುವ ಗುಣ ಇರುವುದನ್ನಷ್ಟೇ ಸ್ಕಿಮ್ಮರ್ ಹಿಡಿಯುತ್ತದೆ. ಅಂಟದೆ ಜಾರಿಕೊಳ್ಳುವ ದೊಡ್ಡ ಪಾಲು ಹಾಗೇ ಉಳಿಯುತ್ತದೆ, ಬಣ್ಣ ಕೊಡುವುದೂ ಅದರಲ್ಲೇ ಇರುತ್ತದೆ. ಹಾಗಾಗಿ ಸ್ಕಿಮ್ಮರ್ ಬೇಕೋ ಕಾರ್ಬನ್ ಬೇಕೋ ಎಂಬ ಪ್ರಶ್ನೆಯೇ ಸರಿಯಿಲ್ಲ. ಎರಡರ ಕೆಲಸವೂ ಬೇರೆ.

ಚಿಪ್ಪು, ಕಲ್ಲಿದ್ದಲು, ಲಿಗ್ನೈಟ್

ನಮ್ಮ ಕಡೆ ಸುಲಭಕ್ಕೆ ಸಿಗುವುದು ತೆಂಗಿನ ಚಿಪ್ಪಿನ ಕಾರ್ಬನ್. ತಿಪಟೂರಿನ ಕೊಬ್ಬರಿ ಮಾರುಕಟ್ಟೆ ಗೊತ್ತಿರುವವರಿಗೆ ಇದ್ದಿಲಿಗೆ ಹೋಗುವ ಚಿಪ್ಪಿನ ರಾಶಿಯೂ ಗೊತ್ತಿರುತ್ತದೆ. ತಮಿಳುನಾಡು, ಕೇರಳದಲ್ಲಿ ಚಿಪ್ಪಿನಿಂದ ಆ್ಯಕ್ಟಿವೇಟೆಡ್ ಕಾರ್ಬನ್ ಮಾಡಿ ಹೊರದೇಶಕ್ಕೆ ಕಳಿಸುವ ಕಾರ್ಖಾನೆಗಳಿವೆ. ವಾಟರ್ ಫಿಲ್ಟರ್ ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಹಾಗಿದ್ದ ಮೇಲೆ ಅಕ್ವೇರಿಯಂ ಡಬ್ಬಿಗೆ ಯಾಕೆ ನಾಲ್ಕು ಪಟ್ಟು ಕೊಡಬೇಕು?

ರಂಧ್ರದ ಅಳತೆಯಲ್ಲಿ ಉತ್ತರ ಇದೆ. ಚಿಪ್ಪಿನ ಕಾರ್ಬನ್ನಿನಲ್ಲಿ ಹೆಚ್ಚಿನವು ಅತಿ ಸಣ್ಣ ರಂಧ್ರಗಳು, 2 ನ್ಯಾನೋಮೀಟರಿಗಿಂತ ಕಿರಿದು. ಕ್ಲೋರಿನ್‌ನಂಥ ಪುಟ್ಟ ಅಣುಗಳಿಗೆ ಇದು ಬಹಳ ಒಳ್ಳೆಯದು. ಕುಡಿಯುವ ನೀರಿನ ಫಿಲ್ಟರ್‌ಗೆ ಇದನ್ನೇ ಹಾಕುವುದು ಅದಕ್ಕೇ. ಆದರೆ ರೀಫ್ ನೀರಿಗೆ ಹಳದಿ ಬಣ್ಣ ಕೊಡುವ ಹ್ಯೂಮಿಕ್ ಪದಾರ್ಥದ ಅಣುಗಳು ದೊಡ್ಡವು. ಆ ಕಿರಿದಾದ ಬಾಗಿಲಲ್ಲಿ ಅವು ಸರಿಯಾಗಿ ನುಗ್ಗುವುದಿಲ್ಲ. ಪ್ಯಾಕೆಟ್ ಮೇಲೆ "ಅಯೋಡಿನ್ ನಂಬರ್ 1000" ಎಂದು ದೊಡ್ಡದಾಗಿ ಬರೆದಿದ್ದರೂ ಮರುಳಾಗಬೇಡಿ. ಒಂದು ಗ್ರಾಂ ಕಾರ್ಬನ್ ಎಷ್ಟು ಮಿಲಿಗ್ರಾಂ ಅಯೋಡಿನ್ ಹಿಡಿಯುತ್ತದೆ ಎನ್ನುವುದು ಆ ಅಂಕಿ. ಸಣ್ಣ ರಂಧ್ರ ಎಷ್ಟಿವೆ ಎಂದು ಅದು ಹೇಳುತ್ತದೆ, ದೊಡ್ಡ ರಂಧ್ರಗಳ ಸುದ್ದಿ ಅದರಲ್ಲಿಲ್ಲ. ಅದಕ್ಕೆ ಮೆಥಿಲೀನ್ ಬ್ಲೂ ನಂಬರ್, ಮೊಲಾಸಿಸ್ ನಂಬರ್ ಎಂಬ ಬೇರೆ ಅಳತೆಗಳಿವೆ. ಅಂಗಡಿಯವರು ಅವನ್ನು ಬರೆಯುವುದು ಅಪರೂಪ.

ಲಿಗ್ನೈಟ್ ಎಂಬ ಕಂದು ಕಲ್ಲಿದ್ದಲಿನ ಕಾರ್ಬನ್ ಇದಕ್ಕೆ ತದ್ವಿರುದ್ಧ. ರಂಧ್ರ ದೊಡ್ಡದು, ಹಳದಿಯನ್ನು ಚಕಚಕನೆ ಎಳೆದುಕೊಳ್ಳುತ್ತದೆ. ಆದರೆ ಮೆತ್ತಗೆ. ಕೈಯಲ್ಲಿ ಉಜ್ಜಿದರೆ ಮಸಿ. ಎಷ್ಟು ತೊಳೆದರೂ ಕಪ್ಪು ನೀರು ಬರುವುದು ನಿಲ್ಲುವುದಿಲ್ಲ.

ಬಿಟುಮಿನಸ್ ಕಲ್ಲಿದ್ದಲಿನ ಕಾರ್ಬನ್ ಇವೆರಡರ ನಡುವಿನದು. ಸಣ್ಣ ರಂಧ್ರವೂ ಇದೆ, ಮಧ್ಯಮದ್ದೂ ಇದೆ, ಸಾಕಷ್ಟು ಗಟ್ಟಿ. ಅಕ್ವೇರಿಯಂಗೆಂದೇ ಮಾರುವ ಕಾಳುಕಾಳಾದ ಕಾರ್ಬನ್‌ಗಳಲ್ಲಿ ಬಹಳಷ್ಟು ಇದೇ. ಇನ್ನು ಪೆಲೆಟ್‌ಗಳಿವೆ. ಪುಡಿಯನ್ನು ಒತ್ತಿ ಸಣ್ಣ ಕಡ್ಡಿಗಳಾಗಿ ಮಾಡಿರುತ್ತಾರೆ. ರೀಫ್ ಸಾಕುವವರಲ್ಲಿ ಹೆಸರಾದದ್ದು ನೋರಿಟ್ ಕಂಪನಿಯ ರಾಕ್ಸ್ 0.8. ಕಡ್ಡಿಯ ದಪ್ಪ 0.8 ಮಿಲಿಮೀಟರ್, ಆಮ್ಲದಲ್ಲಿ ತೊಳೆದು ಬೂದಿ ಅಂಶ ತೆಗೆದದ್ದು. ಫೆಲ್ಡ್‌ಮನ್ ತಂಡ 2008ರಲ್ಲಿ ಇದನ್ನು ಇನ್ನೊಂದು ಅಕ್ವೇರಿಯಂ ಕಾರ್ಬನ್ ಜೊತೆ ಹೋಲಿಸಿದಾಗ ಬಣ್ಣ ತೆಗೆಯುವುದರಲ್ಲಿ ರಾಕ್ಸ್ ಮುಂದಿತ್ತು. ಬೆಲೆ ಜಾಸ್ತಿ. ಆದರೆ ಮಾಮೂಲಿ ಕಾರ್ಬನ್ ಹಾಕುವ ಅರ್ಧದಷ್ಟು ಹಾಕಿದರೆ ಸಾಕು, ತೊಳೆಯುವುದೂ ಸುಲಭ. ಸೀಕೆಮ್‌ನ ಮ್ಯಾಟ್ರಿಕ್ಸ್ ಕಾರ್ಬನ್ ಗುಂಡಗಿನ ಮಣಿಗಳಾಗಿ ಬರುತ್ತದೆ. ನೀರು ಸಲೀಸಾಗಿ ಹರಿಯುವುದು ಅದರ ಅನುಕೂಲ.

ನನಗೆ ರಾಕ್ಸ್ ಸಿಕ್ಕಿದರೆ ರಾಕ್ಸ್, ಸಿಗದಿದ್ದರೆ ಗಟ್ಟಿ ಬಿಟುಮಿನಸ್. ಚಿಪ್ಪಿನದೇ ಕೈಗೆಟುಕುವುದಾದರೆ ಏನೂ ಇಲ್ಲದಿರುವುದಕ್ಕಿಂತ ಅದು ವಾಸಿ. ಆದರೆ ಒಂದು ವಾರಕ್ಕೇ ಬದಲಿಸಿ, ಅದು ಫಾಸ್ಫೇಟ್ ಬಿಡುತ್ತದೆಯೇ ಎಂದು ಮೊದಲು ಪರೀಕ್ಷಿಸಿ. ಲಿಗ್ನೈಟ್ ಮಾತ್ರ ಬೇಡ.

ಟ್ಯಾಂಗ್ ಇದ್ದರೆ ಮಸಿ ಬೇಡ

ಬೇಡ ಎನ್ನಲು ಕಾರಣ ಇದೆ. ಸರ್ಜನ್ ಮೀನು, ಟ್ಯಾಂಗ್‌ಗಳ ತಲೆಯ ಮೇಲೆ, ಪಕ್ಕೆಯ ಗೆರೆಯುದ್ದಕ್ಕೆ ಚರ್ಮ ಸವೆದು ಗುಳಿ ಬೀಳುವ ರೋಗ ಒಂದಿದೆ. ಎಚ್‌ಎಲ್‌ಎಲ್‌ಇ ಎಂದು ಕರೆಯುತ್ತಾರೆ. ಕಾರ್ಬನ್ ಇದಕ್ಕೆ ಕಾರಣ ಎಂದು ಒಬ್ಬರು, ಅಲ್ಲ, ಪೋಷಣೆ ಸಾಲದ್ದು ಎಂದು ಇನ್ನೊಬ್ಬರು ವರ್ಷಗಟ್ಟಲೆ ವಾದ ಮಾಡಿದರು. ಅಮೆರಿಕದ ಟೊಲೆಡೊ ಝೂನ ಜೇ ಹೆಮ್ಡಾಲ್ ಮತ್ತು ಆಂಡ್ರ್ಯೂ ಓಡಮ್ 2011ರಲ್ಲಿ ಪ್ರಯೋಗವನ್ನೇ ಪ್ರಕಟಿಸಿದರು. ಅಟ್ಲಾಂಟಿಕ್‌ನ ಓಷನ್ ಸರ್ಜನ್ ಮೀನುಗಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ಲಿಗ್ನೈಟ್ ಕಾರ್ಬನ್, ಇನ್ನೊಂದಕ್ಕೆ ಪೆಲೆಟ್, ಮೂರನೆಯದಕ್ಕೆ ಏನೂ ಇಲ್ಲ. ಲಿಗ್ನೈಟ್ ಗುಂಪಿನ ಮೀನುಗಳಿಗೆ ರೋಗ ಜೋರಾಗಿ ಬಂತು. ಪೆಲೆಟ್ ಗುಂಪಿನಲ್ಲಿ ಕಡಿಮೆ. ಕಾರ್ಬನ್ ಇಲ್ಲದ ಗುಂಪಿಗೆ ಬರಲಿಲ್ಲ.

ನೀರಿನಲ್ಲಿ ತೇಲುವ ಕಾರ್ಬನ್ ಪುಡಿಯ ಮೇಲೆಯೇ ಅನುಮಾನ. ಇದರಿಂದ ಕಾರ್ಬನ್ನೇ ಬೇಡ ಎಂದು ನಾನು ಹೇಳುವುದಿಲ್ಲ. ಆದರೆ ನಿಮ್ಮಲ್ಲಿ ಪೌಡರ್ ಬ್ಲೂ ಟ್ಯಾಂಗ್ ಇದ್ದರೆ, ಅದು ನಮ್ಮದೇ ಹಿಂದೂ ಮಹಾಸಾಗರದ ನಾಜೂಕು ಮೀನು, ಪೆಲೆಟ್ ಬಿಟ್ಟು ಬೇರೆ ಹಾಕಬೇಡಿ. ಕಾರ್ಬನ್ನನ್ನು ಆರ್‌ಓ ನೀರಿನಲ್ಲಿ ತೊಳೆದು, ನೀರು ಕಪ್ಪಾಗುವುದು ಪೂರ್ತಿ ನಿಂತ ಮೇಲೆಯೇ ಟ್ಯಾಂಕಿಗೆ ಬಿಡಿ. ಬಿಟ್ಟ ಮೇಲೂ ಅದು ಕುಣಿಯದ ಹಾಗೆ ನೋಡಿಕೊಳ್ಳಿ. ಟ್ಯಾಂಗ್ ತಲೆಯ ಮೇಲೆ ಗುಳಿ ಕಾಣತೊಡಗಿದರೆ ಕಾರ್ಬನ್ ನಿಲ್ಲಿಸಿ, ಆಹಾರವನ್ನೂ ಸರಿ ಮಾಡಿ, ಗಮನಿಸಿ.

ಫಾಸ್ಫೇಟ್ ಬಿಡುವ ಕಾರ್ಬನ್

ಕಡಿಮೆ ಬೆಲೆಯ ಕಾರ್ಬನ್ ಕೆಲವು ಸಲ ತಾನೇ ಫಾಸ್ಫೇಟ್ ಬಿಡುತ್ತದೆ. ಮರವನ್ನು ಫಾಸ್ಫಾರಿಕ್ ಆಮ್ಲದಲ್ಲಿ ಹದ ಮಾಡಿ ಕಾರ್ಬನ್ ತಯಾರಿಸುವ ಪದ್ಧತಿಯಿದೆ. ಬೂದಿಯ ಜೊತೆಗೂ ಬರಬಹುದು. ಕಂಡುಹಿಡಿಯುವುದು ಸುಲಭ. ಒಂದು ಲೋಟ ಆರ್‌ಓ ನೀರಿಗೆ ಒಂದು ಚಮಚ ತೊಳೆದ ಕಾರ್ಬನ್ ಹಾಕಿ, ಆಗಾಗ ಅಲ್ಲಾಡಿಸಿ, ರಾತ್ರಿ ಬಿಟ್ಟು ಬೆಳಿಗ್ಗೆ ಕಾಫಿ ಫಿಲ್ಟರ್ ಪೇಪರಿನಲ್ಲಿ ಸೋಸಿ ಫಾಸ್ಫೇಟ್ ಕಿಟ್‌ನಲ್ಲಿ ನೋಡಿ. ಅದೇ ಆರ್‌ಓ ನೀರನ್ನು ಕಾರ್ಬನ್ ಇಲ್ಲದೆಯೂ ಒಮ್ಮೆ ಪರೀಕ್ಷಿಸಿ. ಇಲ್ಲದಿದ್ದರೆ ತಪ್ಪು ನೀರಿನದೋ ಕಾರ್ಬನ್ನಿನದೋ ಗೊತ್ತಾಗುವುದಿಲ್ಲ. ಸ್ವಲ್ಪ ಕಂಡರೆ ಗಾಬರಿ ಬೇಡ. ಒಂದು ಲೋಟದಲ್ಲಿ ಕಂಡದ್ದು 200 ಲೀಟರಿನಲ್ಲಿ ಹಂಚಿಹೋಗುತ್ತದೆ. ಬಣ್ಣ ಗಾಢವಾಗಿ ಬಂದರೆ ಮಾತ್ರ ಆ ಪ್ಯಾಕೆಟ್ಟನ್ನು ಬೇರೆ ಕೆಲಸಕ್ಕೆ ಇಟ್ಟುಕೊಳ್ಳಿ.

ಚೀಲವೋ, ರಿಯಾಕ್ಟರೋ?

ಸಣ್ಣ ಟ್ಯಾಂಕಿಗೆ ಬಲೆ ಚೀಲ ಸಾಕು. ಸಂಪ್‌ನಲ್ಲಿ, ಅಂದರೆ ಟ್ಯಾಂಕಿನ ಕೆಳಗಿನ ಫಿಲ್ಟರ್ ತೊಟ್ಟಿಯಲ್ಲಿ, ನೀರು ರಭಸವಾಗಿ ಹರಿಯುವ ಕಡೆ, ಸ್ಪಾಂಜ್ ಅಥವಾ ಫಿಲ್ಟರ್ ಸಾಕ್ಸ್ ದಾಟಿದ ಮೇಲೆ ಇಡಿ. ಚೀಲದಲ್ಲಿ ನೀರು ಕಾರ್ಬನ್ನಿನ ನಡುವೆ ಹೋಗುವುದಕ್ಕಿಂತ ಸುತ್ತ ಹೋಗುವುದೇ ಜಾಸ್ತಿ. ಆದ್ದರಿಂದ ಕೆಲಸ ನಿಧಾನ. ಒಂದು ದೊಡ್ಡ ಚೀಲ ತುಂಬಿ ತುರುಕುವ ಬದಲು ಎರಡು ಸಣ್ಣ ಚೀಲ ಸಡಿಲವಾಗಿ ಇಟ್ಟರೆ ವಾಸಿ. ಹ್ಯಾಂಗ್ ಆನ್ ಫಿಲ್ಟರ್ ಇದ್ದರೆ ಅದರ ಕೋಣೆಯಲ್ಲೇ ಇಡಬಹುದು, ಅಲ್ಲಿ ನೀರು ಬಲವಂತವಾಗಿ ಹಾಯುತ್ತದೆ. ಕ್ಯಾನಿಸ್ಟರ್ ಕೂಡ ಆದೀತು, ಆದರೆ ಅದನ್ನು ಬಿಚ್ಚಿ ತೊಳೆಯಲು ಬೇಸರವಾಗಿ ಜನ ತಿಂಗಳುಗಟ್ಟಲೆ ಮುಂದೂಡುತ್ತಾರೆ.

300 ಲೀಟರ್ ಮೇಲಿನ ಟ್ಯಾಂಕಿಗೆ ರಿಯಾಕ್ಟರ್, ಅಂದರೆ ಪಂಪಿನಿಂದ ನೀರು ಹಾಯಿಸುವ ಕೊಳವೆ, ಒಳ್ಳೆಯದು. ಎಲ್ಲ ನೀರೂ ಕಾರ್ಬನ್ ಮೂಲಕವೇ ಹೋಗಬೇಕು, ಹಾಗಾಗಿ ಅರ್ಧ ಕಾರ್ಬನ್ನಿನಲ್ಲಿ ಅಷ್ಟೇ ಕೆಲಸ ಆಗುತ್ತದೆ. ಇಲ್ಲಿ ಒಂದು ಎಚ್ಚರ ಬೇಕು. ಫಾಸ್ಫೇಟ್ ತೆಗೆಯುವ ಜಿಎಫ್‌ಓ (ಕಬ್ಬಿಣದ ಆಕ್ಸೈಡ್ ಕಾಳು) ರಿಯಾಕ್ಟರಿನಲ್ಲಿ ಮೆಲ್ಲಗೆ ಕುದಿಯುವ ಹಾಗೆ ಅಲ್ಲಾಡಬೇಕು, ಕಾರ್ಬನ್ ಅಲ್ಲಾಡಬಾರದು. ಅಲ್ಲಾಡಿದರೆ ಒಂದಕ್ಕೊಂದು ಉಜ್ಜಿ ಪುಡಿಯಾಗುತ್ತದೆ, ಮತ್ತೆ ಟ್ಯಾಂಗ್ ಕಥೆಯೇ. ಮೇಲೂ ಕೆಳಗೂ ಸ್ಪಾಂಜ್ ಒತ್ತಿ ಹಗುರವಾಗಿ ಬಿಗಿಯಿರಿ. ಗಂಟೆಗೆ ಟ್ಯಾಂಕಿನ ಗಾತ್ರದ ಒಂದೆರಡು ಪಟ್ಟು ನೀರು ಹಾದರೆ ಸಾಕು. ಕಾರ್ಬನ್ ಮತ್ತು ಜಿಎಫ್‌ಓ ಬೆರೆಸಿ ಒಂದೇ ರಿಯಾಕ್ಟರಿಗೆ ತುಂಬುವುದು ನನಗೆ ಇಷ್ಟವಿಲ್ಲ. ಎರಡೂ ಒಂದೇ ದಿನ ಮುಗಿಯುವುದಿಲ್ಲ. ಒಂದಕ್ಕಾಗಿ ಇನ್ನೊಂದನ್ನು ಎಸೆಯಬೇಕಾಗುತ್ತದೆ.

ಎಷ್ಟು, ಎಷ್ಟು ದಿನ?

ಮಾಮೂಲಿ ಗಟ್ಟಿ ಕಾರ್ಬನ್ ಆದರೆ 100 ಲೀಟರಿಗೆ ಸುಮಾರು 50 ಗ್ರಾಂ, ರಾಕ್ಸ್ ಆದರೆ 25 ಗ್ರಾಂ ನಾನು ಹೇಳುವ ಅಳತೆ. ಮೊದಲ ಸಲ ಹಾಕುವವರು ಇದರಲ್ಲೂ ಅರ್ಧದಿಂದ ಶುರು ಮಾಡಿ. ತಿಂಗಳುಗಟ್ಟಲೆ ಹಳದಿಯಾಗಿದ್ದ ನೀರು ಎರಡೇ ದಿನದಲ್ಲಿ ತಿಳಿಯಾದರೆ ಹವಳದ ಮೇಲೆ ಬೀಳುವ ಬೆಳಕು ದಿಢೀರನೆ ಏರುತ್ತದೆ. ಅದಕ್ಕೆ ಹೊಂದಿಕೊಳ್ಳಲು ಸಮಯ ಸಿಗದೆ ಬಿಳುಚಿಕೊಂಡ ಹವಳಗಳಿವೆ. ಬೇಕಿದ್ದರೆ ಎಲ್‌ಇಡಿಯನ್ನು ಶೇಕಡ 10–20 ತಗ್ಗಿಸಿ, ವಾರ ಎರಡು ವಾರದಲ್ಲಿ ನಿಧಾನವಾಗಿ ಏರಿಸಿ.

ಬದಲಿಸುವುದು ಯಾವಾಗ? ಪ್ಯಾಕೆಟ್ ಮೇಲೆ ತಿಂಗಳು ಎಂದಿರುತ್ತದೆ. ಮೀನು ಜಾಸ್ತಿ ಇದ್ದು ಆಹಾರ ಧಾರಾಳವಾಗಿ ಬೀಳುವ ಟ್ಯಾಂಕಿನಲ್ಲಿ ಎರಡು ವಾರಕ್ಕೇ ಅದು ತುಂಬಿಹೋಗಿರಬಹುದು. ಆ ಬಿಳಿ ಪ್ಲಾಸ್ಟಿಕ್ ತುಂಡಿನ ಅರ್ಧಕ್ಕೆ ತೆಳುವಾಗಿ ಹಳದಿ ಬಳಿದು ಇಟ್ಟುಕೊಳ್ಳಿ. ಟ್ಯಾಂಕಿನ ಉದ್ದದಿಂದ ನೋಡಿದಾಗ ಬಿಳಿ ಯಾವುದು, ಹಳದಿ ಯಾವುದು ಎಂದು ಸುಲಭವಾಗಿ ಗೊತ್ತಾಗದಿದ್ದರೆ ಬದಲಿಸುವ ಕಾಲ ಬಂದಿದೆ.

ಹಳೆಯ ಕಾರ್ಬನ್ನನ್ನು ಬಿಸಿಲಿಗೆ ಒಣಗಿಸಿ, ಕುದಿಸಿ, ಓವನ್‌ನಲ್ಲಿ ಕಾಯಿಸಿ ಮತ್ತೆ ಹಾಕುವ ನಮ್ಮ ಉಳಿತಾಯ ಬುದ್ಧಿ ಇಲ್ಲಿ ನಡೆಯುವುದಿಲ್ಲ. ಕಾರ್ಖಾನೆಯಲ್ಲಿ ಅದನ್ನು ಮತ್ತೆ ಚೇತರಿಸಲು 800 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿ ಬೇಕು. ಅಡುಗೆಮನೆಯಲ್ಲಿ ಬರುವುದು ವಾಸನೆ ಮಾತ್ರ. ಗಿಡದ ಕುಂಡಕ್ಕೆ ಹಾಕೋಣ ಅಂದರೂ ಉಪ್ಪು.

ಕಾರ್ಬನ್ ಬದಲು ಬೇರೆ ಏನು?

ಸೀಕೆಮ್‌ನ ಪ್ಯೂರಿಜೆನ್ ಕೃತಕ ರಾಳದ ಬಿಳಿ ಮಣಿಗಳು. ಸಾರಜನಕ ಇರುವ ಸಾವಯವ ಕಶ್ಮಲವನ್ನು ಚೆನ್ನಾಗಿ ಹಿಡಿಯುತ್ತದೆ, ನೀರು ಹೊಳೆಯುತ್ತದೆ. ತುಂಬುತ್ತಾ ಹೋದಂತೆ ಕಂದು ಬಣ್ಣಕ್ಕೆ ತಿರುಗುವುದರಿಂದ ಮುಗಿದದ್ದು ಕಣ್ಣಿಗೇ ಕಾಣುತ್ತದೆ. ಬ್ಲೀಚ್‌ನಲ್ಲಿ ನೆನೆಸಿ ಮತ್ತೆ ಬಳಸಬಹುದು. ನಮ್ಮಂಥ ಆಮದು ಬೆಲೆಯ ಊರಿನಲ್ಲಿ ಇದು ಸಣ್ಣ ಲಾಭವಲ್ಲ. ಆದರೆ ಬ್ಲೀಚ್ ಪರಿಮಳ ಇಲ್ಲದ್ದಾಗಿರಬೇಕು. ಆಮೇಲೆ ಡಿಕ್ಲೋರಿನೇಟರ್‌ನಲ್ಲಿ ನೆನೆಸಿ, ಕ್ಲೋರಿನ್ ವಾಸನೆ ಸ್ವಲ್ಪವೂ ಉಳಿಯಬಾರದು. ಈ ಹೆಜ್ಜೆ ಬಿಟ್ಟುಬಿಡುವವರು ಕಾರ್ಬನ್ನಿಗೇ ಅಂಟಿಕೊಳ್ಳುವುದು ಕ್ಷೇಮ. ಮೀನಿನ ಮೈಗೆ ಲೋಳೆ ಕೊಡುತ್ತದೆ ಎಂದು ಮಾರುವ ಕಂಡಿಷನರ್‌ಗಳನ್ನು ಪ್ಯೂರಿಜೆನ್ ಇರುವಾಗ ಬಳಸಬೇಡಿ, ಮಣಿಗಳು ಖಾಯಂ ಕೆಡಬಹುದು.

ಕಶ್ಮಲ ಹೀರುವ ಪಾಲಿ ಫಿಲ್ಟರ್ ಹಾಳೆಯನ್ನು ದಿನಬಳಕೆಗಿಂತ ನೀರಿಗೆ ಲೋಹ ಸೇರಿದ ಅನುಮಾನ ಬಂದಾಗ ಬಳಸಿ. ತಾಮ್ರ ಸಿಕ್ಕಿದರೆ ನೀಲಿಯಾಗುತ್ತದೆ. ಲೋಹದ ಕೆಲಸಕ್ಕೆ ಕಾರ್ಬನ್ ಅಷ್ಟು ಗಟ್ಟಿಗನಲ್ಲ.

ಓಝೋನ್ ಹಳದಿಯನ್ನು ಹಿಡಿಯುವುದಿಲ್ಲ, ಒಡೆದೇ ಹಾಕುತ್ತದೆ. ಫಲಿತಾಂಶ ನೋಡಿದರೆ ಎಲ್ಲಕ್ಕಿಂತ ಮೇಲು. ಆದರೆ ಓಝೋನ್ ಹೆಚ್ಚಾಗದಂತೆ ನೀರಿನ ಆಕ್ಸಿಡೀಕರಣ ಮಟ್ಟ ಅಳೆದು ಹತೋಟಿಯಲ್ಲಿಡುವ ಓಆರ್‌ಪಿ ಕಂಟ್ರೋಲರ್ ಬೇಕು, ಓಝೋನ್ ತಡೆಯುವ ಸ್ಕಿಮ್ಮರ್ ಬೇಕು. ಸಮುದ್ರದ ನೀರಿನಲ್ಲಿ ಬ್ರೋಮೈಡ್ ಇರುವುದರಿಂದ ಓಝೋನ್ ಅದರ ಜೊತೆ ಸೇರಿ ತೀಕ್ಷ್ಣವಾದ ಬೇರೆ ಪದಾರ್ಥಗಳನ್ನು ಮಾಡುತ್ತದೆ. ಅವನ್ನು ತಡೆಯಲು ಹೊರಬರುವ ನೀರಿಗೆ ಮತ್ತೆ ಕಾರ್ಬನ್ನೇ ಇಡಬೇಕು! ಮನೆಯೊಳಗೆ ಉಸಿರಾಡುವ ಗಾಳಿಗೂ ಓಝೋನ್ ಒಳ್ಳೆಯದಲ್ಲ. ಸಾವಿರಾರು ಲೀಟರಿನ ಟ್ಯಾಂಕ್ ಇರುವವರಿಗೆ ಬಿಟ್ಟುಬಿಡೋಣ.

ನೀರು ಬದಲಿಸುವುದರಿಂದಲೇ ಹಳದಿ ಹೋಗಿಸುತ್ತೇನೆ ಎನ್ನುವವರು ಲೆಕ್ಕ ಹಾಕಿ. ಶೇಕಡ 10ರಷ್ಟು ನೀರು ಬದಲಿಸಿದರೆ ಶೇಕಡ 10ರಷ್ಟೇ ಬಣ್ಣ ಹೋಗುತ್ತದೆ. ಉಪ್ಪಿನ ಬೆಲೆ ಮುಂದೆ ಕಾರ್ಬನ್ ಅಗ್ಗ. ನೀರು ಬದಲಿಸುವುದು ಬೇರೆ ಕಾರಣಕ್ಕೆ ಬೇಕೇ ಬೇಕು, ಆ ಮಾತು ಬೇರೆ.

ನಿಮ್ಮ ಟ್ಯಾಂಕಿಗೆ ಯಾವುದು?

ಭಾರತದಲ್ಲಿ ಎಲ್ಲ ಗಟ್ಟಿ ಹವಳಗಳೂ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲ್‌ನಲ್ಲಿವೆ. ಸಮುದ್ರ ಬೀಸಣಿಗೆಗಳೂ ಅದರಲ್ಲಿವೆ. ಕಾನೂನು ಮೀರದೆ ಇಲ್ಲಿ ರೀಫ್ ಇಡಬೇಕೆನ್ನುವವರು ಹೆಚ್ಚಾಗಿ ಲೆದರ್, ಮಶ್ರೂಮ್, ಝೋವಾಂಥಿಡ್‌ನಂಥ ಮೆತ್ತನೆಯ ಹವಳಗಳ (ಸಾಫ್ಟ್ ಕೋರಲ್) ಕಡೆಗೇ ವಾಲಬೇಕು. ಕಾರ್ಬನ್ ಬಹಳ ಬೇಕಾಗುವುದೂ ಇಂಥ ಟ್ಯಾಂಕಿಗೇ. ಸಾರ್ಕೋಫೈಟನ್, ಸಿನ್ಯುಲೇರಿಯಾ ಎಂಬ ಲೆದರ್‌ಗಳು ಟರ್ಪೀನ್ ಜಾತಿಯ ವಿಷ ಬಿಟ್ಟು ಪಕ್ಕದವರನ್ನು ಕುಗ್ಗಿಸುತ್ತವೆ. ಕಡಲಿನಲ್ಲಾದರೆ ಅದು ಅಲೆಯಲ್ಲಿ ಕೊಚ್ಚಿಹೋಗುತ್ತದೆ. 200 ಲೀಟರಿನಲ್ಲಿ ಎಲ್ಲಿಗೆ ಹೋಗಬೇಕು? ಸಾಫ್ಟ್ ಕೋರಲ್ ಟ್ಯಾಂಕಿಗೆ ವರ್ಷಪೂರ್ತಿ ಕಾರ್ಬನ್ ಇರಲಿ, ಎರಡು ವಾರಕ್ಕೊಮ್ಮೆ ಬದಲಿಸಿ. ಲೆದರ್ ಕತ್ತರಿಸಿದ ದಿನ ಹೊಸದು ಹಾಕಿ.

ಅಮೆರಿಕದಲ್ಲೋ ದುಬೈನಲ್ಲೋ ಇದ್ದು ಅಕ್ರೋಪೋರಾ ಎಂಬ ಗಟ್ಟಿ ಹವಳ ಮಾತ್ರ ಬೆಳೆಸುವ ಕನ್ನಡಿಗರ ಲೆಕ್ಕ ಬೇರೆ. ಅವರ ನೀರಿನಲ್ಲಿ ಪೋಷಕಾಂಶ ಮೊದಲೇ ಕಡಿಮೆ. ತಿಂಗಳಿಗೆ ಒಂದು ವಾರ ರಾಕ್ಸ್ ಓಡಿಸಿ ತೆಗೆದರೂ ನಡೆಯುತ್ತದೆ. ಗಟ್ಟಿ ಹವಳ, ಸಾಫ್ಟ್ ಕೋರಲ್ ಎರಡನ್ನೂ ಬೆರೆಸಿ ಇಟ್ಟವರಿಗೆ ಈ ರಿಯಾಯಿತಿ ಇಲ್ಲ.

50–60 ಲೀಟರಿನ ನ್ಯಾನೋ ಇರುವವರು ರಿಯಾಕ್ಟರ್ ಆಸೆ ಬಿಡಿ. ಸಣ್ಣ ಚೀಲ, ವಾರದ ನೀರು ಬದಲಾವಣೆಯ ದಿನವೇ ಕಾರ್ಬನ್ನೂ ನೋಡುವ ರೂಢಿ, ಅಷ್ಟು ಸಾಕು. ಪ್ಯೂರಿಜೆನ್ ಚೆನ್ನಾಗಿ ಹೊಂದುವುದೂ ಇಲ್ಲೇ. ಹವಳವೇ ಇಲ್ಲದೆ ಮೀನು ಮಾತ್ರ ಇರುವ ಟ್ಯಾಂಕಿಗೆ ಕಾರ್ಬನ್ ನೋಟಕ್ಕಷ್ಟೇ. ಟ್ಯಾಂಗ್‌ಗಳೇ ತುಂಬಿದ್ದರೆ ನಾನಂತೂ ಹಾಕುವುದಿಲ್ಲ, ಹಳದಿಯಾಗಿಯೇ ಇರಲಿ.

ಔಷಧಿ ಹಾಕುವಾಗ ಕಾರ್ಬನ್ ಹೊರಗೆ ತೆಗೆಯಿರಿ, ಇಲ್ಲದಿದ್ದರೆ ಔಷಧಿಯನ್ನೇ ಅದು ನುಂಗಿಬಿಡುತ್ತದೆ. ಕೋರ್ಸ್ ಮುಗಿದ ಮೇಲೆ ಹೊಸದು ಹಾಕಿ ಉಳಿಕೆ ತೆಗೆಯಿರಿ. ಚಪ್ಪಟೆ ಹುಳುಗಳಿಗೆ ಮದ್ದು ಹಾಕುವುದಾದರೆ ತೊಳೆದ ಕಾರ್ಬನ್ ಮೊದಲೇ ಸಿದ್ಧವಿರಲಿ, ಸಾಯುವ ಹುಳುಗಳು ವಿಷ ಬಿಡುತ್ತವೆ.

ಯಾವಾಗಲೂ ಕಾರ್ಬನ್ ಓಡಿಸದವರೂ ಆಪತ್ತಿಗೆಂದೇ ಒಂದು ಪ್ಯಾಕೆಟ್ ಇಟ್ಟುಕೊಳ್ಳಿ. ಸೀ ಕ್ಯುಕಂಬರ್ ಪಂಪಿಗೆ ಸಿಕ್ಕಿ ಸತ್ತರೆ, ಝೋವಾಂಥಿಡ್ ಗುಂಪಿನ ಪಾಲಿಥೋವಾ ಇರುವ ಕಲ್ಲು ಜಜ್ಜಿಹೋದರೆ, ಯಾರೋ ಟ್ಯಾಂಕಿನ ಪಕ್ಕ ಸೊಳ್ಳೆ ಸ್ಪ್ರೇ ಹೊಡೆದರೆ, ಅಂಗಡಿ ತೆರೆಯುವವರೆಗೆ ಕಾಯಲು ಆಗುವುದಿಲ್ಲ. ಮಾಮೂಲಿ ಅಳತೆಯ ಎರಡು ಪಟ್ಟು ಹಾಕಿ, ದೊಡ್ಡ ಪ್ರಮಾಣದಲ್ಲಿ ನೀರು ಬದಲಿಸಿ, ಮಾರನೆಯ ದಿನ ಕಾರ್ಬನ್ ಎಸೆದು ಮತ್ತೆ ಹೊಸದು ಹಾಕಿ. ಪಾಲಿಥೋವಾ ವಿಷಯದಲ್ಲಿ ಮೊದಲು ನಿಮ್ಮ ಕಣ್ಣು, ಕೈ ನೋಡಿಕೊಳ್ಳಿ. ಅದರ ಪಾಲಿಟಾಕ್ಸಿನ್ ಮನುಷ್ಯರಿಗೂ ಅಪಾಯ. ಕಲ್ಲನ್ನು ಬಿಸಿ ನೀರಿನಲ್ಲಿ ಕುದಿಸುವುದಂತೂ ಕೂಡದು, ಹಬೆಯಲ್ಲಿ ಬಂದರೆ ಮನೆಮಂದಿಯೆಲ್ಲ ಆಸ್ಪತ್ರೆ ಸೇರಬೇಕಾದೀತು.

ಆ ಪ್ಯಾಕೆಟ್ಟನ್ನು ಗಾಳಿಯಾಡದ ಡಬ್ಬಿಯಲ್ಲಿ ಇಡಿ. ಕಾರ್ಬನ್ ಗಾಳಿಯಲ್ಲಿರುವುದನ್ನೂ ಹೀರುತ್ತದೆ. ಪೇಂಟ್, ಫಿನಾಯಿಲ್, ಊದುಬತ್ತಿ ಇಡುವ ಕಪಾಟು ಅದಕ್ಕೆ ಜಾಗವಲ್ಲ.